ಹಳೆಯ ಪುಸ್ತಕ ಬಿಚ್ಚಿ ನೋಡಬಹುದು, ಹಳೆಯ ಕ್ಯಾಸೆಟ್ಟು ಹಾಕಿಯೇ ನೋಡಬೇಕು

ಮಾನ್ಯ ಸಂಪಾದಕರೇ,

ಶಾಲೆ-ಕಾಲೇಜುಗಳು ಬಾಗಿಲು ತೆರೆಯುವ ಈ ದಿನಗಳಲ್ಲಿ ತುಮಕೂರಿನಲ್ಲಿ ಹಳೆಯ ಪುಸ್ತಕಗಳ ವ್ಯಾಪಾರ ಚುರುಕಾಗುತ್ತದೆ. ಪಿಯುಸಿ ಮುಗಿಸಿದವರು ತಮ್ಮ ಪುಸ್ತಕಗಳನ್ನು ಮಾರುತ್ತಾರೆ, ಹೊಸದಾಗಿ ಸೇರಿದವರು ಕೊಳ್ಳುತ್ತಾರೆ. ಮನೆಗೆ ಸುಣ್ಣ-ಬಣ್ಣ ಮಾಡಿಸುವವರು, ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವವರು ಅಟ್ಟದ ಮೇಲಿದ್ದದ್ದನ್ನೆಲ್ಲ ಕೆಳಗಿಳಿಸಿ ಗುಜರಿಯವರಿಗೆ ತೂಕಕ್ಕೆ ಹಾಕುತ್ತಾರೆ. ಆ ರಾಶಿಯಲ್ಲಿ ಪುಸ್ತಕಗಳ ಜೊತೆಗೆ ವಿಡಿಯೋ ಕ್ಯಾಸೆಟ್ಟುಗಳೂ ಇರುತ್ತವೆ. ಬಹಳ ವರ್ಷಗಳಿಂದ ಇವೆರಡನ್ನೂ ಕೊಳ್ಳುತ್ತ ಬಂದಿರುವ ನಾನು, ಇದರಲ್ಲಿ ಸಿಗುವ ಲಾಭವೇನು, ಆಗುವ ನಷ್ಟವೇನು, ಆ ನಷ್ಟವನ್ನು ಕಡಿಮೆ ಮಾಡಲು ನಮ್ಮ ಊರಿನಲ್ಲಿ ಏನು ಮಾಡಬಹುದು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ. ನನ್ನ ಮುಖ್ಯ ಮಾತು ಇಷ್ಟು: ಹಳೆಯ ಪುಸ್ತಕವನ್ನು ಅಂಗಡಿಯಲ್ಲೇ ಬಿಚ್ಚಿ ನೋಡಿ ಅದರ ಸ್ಥಿತಿಯನ್ನು ತಿಳಿಯಬಹುದು, ಆದರೆ ಹಳೆಯ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕದೆ ಅದರೊಳಗೆ ಏನಿದೆ, ಎಷ್ಟು ಉಳಿದಿದೆ ಎಂಬುದು ಕೊಳ್ಳುವವರಿಗಾಗಲಿ ಮಾರುವವರಿಗಾಗಲಿ ತಿಳಿಯುವುದಿಲ್ಲ. ಹಾಗಿರುವಾಗ ಎರಡನ್ನೂ ‘ಕೊಂಡ ಮೇಲೆ ವಾಪಸ್ ಇಲ್ಲ’ ಎಂಬ ಒಂದೇ ಷರತ್ತಿನ ಮೇಲೆ ಮಾರುವುದು ನ್ಯಾಯವಲ್ಲ, ಮತ್ತು ಕ್ಯಾಸೆಟ್ಟುಗಳನ್ನು ಹಾಕಿ ನೋಡಲು ಊರಿಗೆ ಒಂದಾದರೂ ಸಾರ್ವಜನಿಕ ಜಾಗ ಬೇಕು.

ಪಠ್ಯಪುಸ್ತಕಗಳ ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ, ಏಕೆಂದರೆ ಹೆಚ್ಚು ಜನ ಕೊಳ್ಳುವುದು ಅವನ್ನೇ. ಅಲ್ಲಿ ಉಳಿತಾಯ ನಿಜವಾದದ್ದು. ಪುಸ್ತಕ ಗಟ್ಟಿಯಾಗಿದ್ದು ಪಠ್ಯಕ್ರಮ ಬದಲಾಗದೆ ಇದ್ದರೆ ಹೊಸದಕ್ಕೂ ಹಳೆಯದಕ್ಕೂ ಕಲಿಕೆಯ ದೃಷ್ಟಿಯಿಂದ ಏನೂ ವ್ಯತ್ಯಾಸವಿಲ್ಲ. ಅಪಾಯ ಇರುವುದು ಪಠ್ಯ ಬದಲಾದಾಗ. 2022-23ರ ಸಾಲಿನಲ್ಲಿ ಎನ್‌ಸಿಇಆರ್‌ಟಿ ತನ್ನ ಪುಸ್ತಕಗಳಿಂದ ಹಲವು ಭಾಗಗಳನ್ನು ಕೈಬಿಟ್ಟಿತು. ಅದಕ್ಕೆ ಹಿಂದಿನ ಮುದ್ರಣವನ್ನು ಕೊಂಡ ವಿದ್ಯಾರ್ಥಿ ಅಧ್ಯಾಯಗಳ ಸಂಖ್ಯೆಯೇ ತಾಳೆಯಾಗದೆ ಪರದಾಡಬೇಕಾಗುತ್ತದೆ. ಕಾನೂನು ಓದುವವರಿಗೆ ಈ ನಷ್ಟ ಇನ್ನೂ ದೊಡ್ಡದು. 1860ರ ಭಾರತೀಯ ದಂಡ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮ ಈ ಮೂರರ ಜಾಗದಲ್ಲಿ 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಗೆ ಬಂದಿವೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302ನೆಯ ಕಲಮು ಭಾರತೀಯ ನ್ಯಾಯ ಸಂಹಿತೆಯಲ್ಲಿ 103 ಆಗಿದೆ, ವಂಚನೆಯ 420 ಈಗ 318ರಲ್ಲಿ ಸೇರಿದೆ. ಆ ದಿನಾಂಕದ ನಂತರ ಹಳೆಯ ಸಂಹಿತೆಗಳ ದಪ್ಪ ಪುಸ್ತಕಗಳು ರಾಶಿ ರಾಶಿಯಾಗಿ ಅಗ್ಗದಲ್ಲಿ ಮಾರಾಟಕ್ಕೆ ಬಂದದ್ದು ಸಹಜ. ಅದಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ವಕೀಲರಿಗೆ ಅವು ಇನ್ನೂ ಬೇಕು. ಆದರೆ ಮೊದಲ ವರ್ಷದ ವಿದ್ಯಾರ್ಥಿಗೆ ಅವನ್ನೇ ‘ಇದೇ ಪುಸ್ತಕ’ ಎಂದು ಕೊಟ್ಟು ಕಳಿಸುವುದು ತಪ್ಪು. ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳೂ ಹೀಗೆಯೇ. ಚಿಕ್ಕಬಳ್ಳಾಪುರವನ್ನು ಕೋಲಾರ ಜಿಲ್ಲೆಯ ತಾಲ್ಲೂಕೆಂದು ತೋರಿಸುವ ನಕ್ಷೆ 2007ಕ್ಕಿಂತ ಹಿಂದಿನದು. ವಿಜಯನಗರ ಜಿಲ್ಲೆ ಇಲ್ಲದ ಪಟ್ಟಿ 2021ಕ್ಕಿಂತ ಹಿಂದಿನದು. ಒಳಗಿನ ಶೀರ್ಷಿಕೆ ಪುಟದ ಹಿಂಬದಿಯಲ್ಲಿರುವ ಮುದ್ರಣದ ವರ್ಷವನ್ನು ನೋಡದೆ ಇಂಥ ಪುಸ್ತಕಕ್ಕೆ ಹಣ ಕೊಡಬಾರದು.

ಸಾಹಿತ್ಯ, ಇತಿಹಾಸ, ಶಾಸ್ತ್ರಗ್ರಂಥಗಳ ವಿಷಯ ಬೇರೆ. ಅಲ್ಲಿ ಹಳೆಯ ಮುದ್ರಣವೇ ಹಲವು ಸಲ ಉತ್ತಮ, ಮತ್ತೆ ಕೆಲವು ಸಲ ಹಳೆಯ ಮುದ್ರಣವೊಂದೇ ಇರುವುದು. ಕನ್ನಡದಲ್ಲಿ ಒಂದೇ ಮುದ್ರಣ ಕಂಡು ಮರೆಯಾದ ಪುಸ್ತಕಗಳು ಎಷ್ಟೋ ಇವೆ. ಅವು ಹೊಸ ಪುಸ್ತಕದ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ, ಯಾರದೋ ಮನೆಯ ಅಟ್ಟದಿಂದ ಇಳಿದಾಗ ಮಾತ್ರ ಸಿಗುತ್ತವೆ. ಹಿಂದೆ ಇಂಥವಕ್ಕಾಗಿ ನಾವು ರೈಲು ಹತ್ತಿ ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗುತ್ತಿದ್ದೆವು. ಈಗ ತುಮಕೂರಿನಲ್ಲೇ ಗುಜರಿ ಅಂಗಡಿಗೆ ಬರುವ ಚೀಲಗಳಲ್ಲಿ ಒಳ್ಳೆಯ ಪುಸ್ತಕಗಳಿರುತ್ತವೆ, ಏಕೆಂದರೆ ಪುಸ್ತಕ ಕೂಡಿಟ್ಟ ಅಧ್ಯಾಪಕರ ಪೀಳಿಗೆಯೊಂದು ಕಣ್ಮರೆಯಾಗುತ್ತಿದೆ ಮತ್ತು ಅವರ ಮಕ್ಕಳು ಬೇರೆ ಊರುಗಳಲ್ಲಿದ್ದಾರೆ.

ಪುಸ್ತಕವನ್ನು ಪರೀಕ್ಷಿಸುವ ಬಗೆ ಕಷ್ಟದ್ದಲ್ಲ, ಆದರೆ ಬಹಳ ಜನ ರಕ್ಷಾಪುಟ ನೋಡಿ ಒಪ್ಪಿಬಿಡುತ್ತಾರೆ. ಪುಸ್ತಕಗಳು ಅಚ್ಚಾಗುವುದು ಫಾರಂಗಳ ಲೆಕ್ಕದಲ್ಲಿ. ಒಂದು ಫಾರಂ ಎಂದರೆ ಸಾಮಾನ್ಯವಾಗಿ 16 ಪುಟ, ಕೆಲವೊಮ್ಮೆ 8 ಪುಟ. ಬೈಂಡಿಂಗ್ ಮಾಡುವಾಗ ಒಂದು ಫಾರಂ ಬಿಟ್ಟುಹೋಗುವುದು, ಇಲ್ಲವೇ ಅದೇ ಫಾರಂ ಎರಡು ಸಲ ಸೇರಿಕೊಳ್ಳುವುದು ಆಗಾಗ ನಡೆಯುವ ಸಂಗತಿ. ಆದ್ದರಿಂದ ಪುಸ್ತಕದಲ್ಲಿ ಪುಟ ತಪ್ಪಿದ್ದರೆ ಒಂದೆರಡು ಹಾಳೆ ಹರಿದು ಹೋಗಿರುವುದಕ್ಕಿಂತ ಹದಿನಾರು ಪುಟಗಳು ಒಟ್ಟಿಗೇ ಇಲ್ಲದಿರುವ ಸಂಭವವನ್ನೂ ನೋಡಬೇಕು. 16ರ ನಂತರ 17, 32ರ ನಂತರ 33, 48ರ ನಂತರ 49 ಹೀಗೆ ಸಂದುಗಳಲ್ಲಿ ಮಾತ್ರ ತಿರುವಿದರೂ ಎರಡು ನಿಮಿಷದಲ್ಲಿ ದೊಡ್ಡ ಪುಸ್ತಕವನ್ನು ಪರೀಕ್ಷಿಸಬಹುದು. ಹಲವು ಹಳೆಯ ಪುಸ್ತಕಗಳಲ್ಲಿ ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಸಣ್ಣ ಅಂಕಿಯೊಂದು ಇರುತ್ತದೆ. ಆ ಅಂಕಿಗಳು ಕ್ರಮವಾಗಿದ್ದರೆ ಪುಸ್ತಕ ಪೂರ್ತಿಯಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು.

ಕಾಗದದ ಗುಣವನ್ನೂ ಬೆರಳಿನಿಂದಲೇ ತಿಳಿಯಬಹುದು. ಮರದ ತಿರುಳಿನ ಅಗ್ಗದ ಕಾಗದಕ್ಕೆ ಶಾಯಿ ಹರಡದಂತೆ ಪಟಿಕ (ಆಲಂ) ಮತ್ತು ರಾಳ ಸೇರಿಸುತ್ತಿದ್ದರು. ಅದರಿಂದ ಉಳಿಯುವ ಆಮ್ಲವೇ ಕಾಲಕ್ರಮದಲ್ಲಿ ಕಾಗದವನ್ನು ಒಳಗಿನಿಂದ ತಿನ್ನುತ್ತದೆ. ಹಾಳೆ ಹಳದಿಯಾಗಿದ್ದರೂ ಬಾಗಿಸಿದಾಗ ಬಾಗಿದರೆ ಚಿಂತೆಯಿಲ್ಲ. ಮೂಲೆಯನ್ನು ಮೆಲ್ಲನೆ ಬಾಗಿಸಿದಾಗ ಹಪ್ಪಳದಂತೆ ಮುರಿದರೆ ಆ ಪುಸ್ತಕವನ್ನು ಹೆಚ್ಚು ದಿನ ಓದಲು ಸಾಧ್ಯವಿಲ್ಲ, ಬೇರೆ ಪ್ರತಿ ಸಿಗದಿದ್ದರೆ ಮಾತ್ರ ಕೊಳ್ಳಬೇಕು ಮತ್ತು ಕೊಂಡ ಕೂಡಲೇ ಅದನ್ನು ಸ್ಕ್ಯಾನ್ ಮಾಡಿಸಬೇಕು. ಹರಿದ ಕಡೆ ಸೆಲೋಟೇಪ್ ಅಂಟಿಸಿದ್ದರೆ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರಗಳನ್ನೇ ಮುಚ್ಚಿರುತ್ತದೆ. ಹೊಸದಾಗಿ ಗಟ್ಟಿ ರಟ್ಟು ಹಾಕಿಸಿದ ಪುಸ್ತಕ ನೋಡಲು ಚೆನ್ನ, ಆದರೆ ಬೈಂಡರ್ ಅಂಚನ್ನು ಕತ್ತರಿಸುವಾಗ ಒಳಗಿನ ಸಾಲುಗಳ ಕೊನೆಯಕ್ಷರಗಳೂ ಹೋಗಿರುವುದುಂಟು; ಬೆನ್ನಿನ ಕಡೆ ಹೊಲಿಗೆ ಒಳಗೆ ಸರಿದು ಪುಸ್ತಕ ಪೂರ್ತಿ ತೆರೆಯದಿರುವುದೂ ಉಂಟು. ಪುಸ್ತಕವನ್ನು ಬಿಳಿ ಕಾಗದದ ಮೇಲೆ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಜೀವಂತವಾಗಿದೆ ಎಂದೇ ತಿಳಿಯಬೇಕು. ಅಂಥ ಪುಸ್ತಕವನ್ನು ಉಳಿದವುಗಳ ಜೊತೆ ಕಪಾಟಿನಲ್ಲಿಟ್ಟರೆ ಕಪಾಟೆಲ್ಲವೂ ಹಾಳಾಗುತ್ತದೆ.

ಮುದ್ರಣದ ವರ್ಷವೇ ಇಲ್ಲದ ಪುಸ್ತಕಗಳು ಕನ್ನಡದಲ್ಲಿ ಬೇಕಾದಷ್ಟಿವೆ, ಮೊದಲ ಹಾಳೆ ಹರಿದುಹೋದವೂ ಬಹಳ. ಅವುಗಳ ಕಾಲವನ್ನು ಊಹಿಸುವುದು ಹಳೆಯ ಪುಸ್ತಕ ಕೊಳ್ಳುವವರಿಗೆ ಬಹಳ ಇಷ್ಟದ ಕೆಲಸ, ಅದಕ್ಕೆ ಕೆಲವು ಗಟ್ಟಿಯಾದ ಗುರುತುಗಳೂ ಇವೆ. ಬೆಲೆ ರೂಪಾಯಿ-ಆಣೆಗಳಲ್ಲಿ ಅಚ್ಚಾಗಿದ್ದರೆ ಪುಸ್ತಕ 1957ರ ಏಪ್ರಿಲ್‌ಗಿಂತ ಹಿಂದಿನದು ಎನ್ನಬಹುದು, ಏಕೆಂದರೆ ಆ ತಿಂಗಳ 1ರಿಂದ ದಶಮಾಂಶ ನಾಣ್ಯ ಬಂತು. ನಯಾ ಪೈಸೆ ಎಂದಿದ್ದರೆ ಅದು ಆ ದಿನಕ್ಕೂ 1964ಕ್ಕೂ ನಡುವಿನದು. 1964ರ ಜೂನ್‌ನಲ್ಲಿ ‘ನಯಾ’ ಎಂಬುದನ್ನು ಕೈಬಿಟ್ಟರು. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಹದಿಮೂರು ಅಂಕಿಯ ಐಎಸ್‌ಬಿಎನ್ (ಪುಸ್ತಕಗಳ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಕಂಡರೆ, ಯಾವ ಹಳೆಯ ಗ್ರಂಥದ ಹೆಸರೇ ಇರಲಿ, ಆ ಪ್ರತಿ ಈ ಶತಮಾನದ್ದು. ಆ ಕ್ರಮ ಜಾರಿಗೆ ಬಂದದ್ದು 2007ರಲ್ಲಿ. ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿದಾಗ ಅಕ್ಷರಗಳ ಉಬ್ಬು ಸಿಕ್ಕಿದರೆ ಅದು ಅಚ್ಚುಮೊಳೆ ಜೋಡಿಸಿ ಒತ್ತಿದ ಮುದ್ರಣ. ಬೆಲೆಯ ಗುರುತನ್ನು ನಂಬುವಾಗ ಒಂದು ಎಚ್ಚರ ಬೇಕು: ಹಳೆಯ ದಾಸ್ತಾನಿನ ಮೇಲೆ ಹೊಸ ಬೆಲೆಯ ರಬ್ಬರ್ ಮೊಹರು ಹಾಕಿ ಮಾರುವುದು ರೂಢಿಯಲ್ಲಿತ್ತು, ಆದ್ದರಿಂದ ಅಚ್ಚಾದ ಬೆಲೆಯನ್ನು ನೋಡಬೇಕೇ ಹೊರತು ಮೊಹರಿನ ಬೆಲೆಯನ್ನಲ್ಲ.

ಸಂಪುಟಗಳನ್ನು ಬಿಡಿಯಾಗಿ ಕೊಳ್ಳುವ ವಿಷಯದಲ್ಲಿ ಲಾಭ-ನಷ್ಟ ಎರಡೂ ದೊಡ್ಡವು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿದೆ. ನಡುವಿನ ಒಂದು ಸಂಪುಟ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದರೆ ಉಳಿದ ಏಳಕ್ಕಾಗಿ ವರ್ಷಗಟ್ಟಲೆ ಹುಡುಕಬೇಕಾಗಬಹುದು. ಆದರೆ ಶಾಸನಗಳ ಸಂಪುಟಗಳನ್ನು ಬಿಡಿಯಾಗಿ ಕೊಳ್ಳುವುದರಲ್ಲಿ ಅರ್ಥವಿದೆ, ಏಕೆಂದರೆ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕವನ್ನು ಜಿಲ್ಲಾವಾರು ಪ್ರಕಟಿಸಿದರು. ತುಮಕೂರು ಜಿಲ್ಲೆಯದು 1904ರಲ್ಲಿ ಬಂದ 12ನೆಯ ಸಂಪುಟ, ಕೋಲಾರ ಜಿಲ್ಲೆಯದು 1905ರ 10ನೆಯ ಸಂಪುಟ. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಶಾಸನಗಳನ್ನು ಹುಡುಕುವವರು ಆ ಕೋಲಾರದ ಸಂಪುಟವನ್ನೇ ನೋಡಬೇಕು. ತನ್ನ ಹಳ್ಳಿಯ ಕೆರೆಯ ಏರಿಯ ಮೇಲಿನ ಕಲ್ಲಿನಲ್ಲಿ ಏನಿದೆ ಎಂದು ತಿಳಿಯಬಯಸುವ ಮಧುಗಿರಿಯ ಅಥವಾ ಪಾವಗಡದ ಓದುಗನಿಗೆ ತುಮಕೂರಿನ ಆ ಒಂದೇ ಸಂಪುಟ ಸಾಕು. ಇವು ಈಗ ಸ್ಕ್ಯಾನ್ ಆಗಿ ಅಂತರ್ಜಾಲದಲ್ಲಿ ಉಚಿತವಾಗಿಯೂ ಸಿಗುತ್ತವೆ ಎಂಬುದು ತಿಳಿದಿದ್ದರೆ ಅಂಗಡಿಯವರು ಹೇಳುವ ಬೆಲೆ ಎಷ್ಟರ ಮಟ್ಟಿಗೆ ಸರಿ ಎಂದು ನಿರ್ಧರಿಸುವುದು ಸುಲಭ.

ಗ್ರಂಥಾಲಯದ ಮೊಹರಿರುವ ಪುಸ್ತಕಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಕೆಲವು ಗ್ರಂಥಾಲಯಗಳು ಹಳೆಯ ಪ್ರತಿಗಳನ್ನು ನಿಯಮಾನುಸಾರ ತೆಗೆದುಹಾಕಿ ಮಾರುತ್ತವೆ, ಅವನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ರದ್ದಾದ ಗುರುತೇ ಇಲ್ಲದೆ, ಗ್ರಂಥಾಲಯ ಸೇರಿದಾಗ ಬರೆದ ಪರಿಗ್ರಹಣ ಸಂಖ್ಯೆ ಹಾಗೆಯೇ ಇರುವ ಪುಸ್ತಕ ಬೀದಿಯಲ್ಲಿ ಕಂಡರೆ ಅದು ತೆಗೆದುಹಾಕಿದ್ದೋ ಕದ್ದದ್ದೋ ಕೊಳ್ಳುವವರಿಗೆ ತಿಳಿಯುವುದಿಲ್ಲ. ಗ್ರಂಥಾಲಯಗಳು ಹೊರಹಾಕುವ ಪ್ರತಿ ಪುಸ್ತಕಕ್ಕೂ ‘ರದ್ದಾಗಿದೆ’ ಎಂದು ದಿನಾಂಕ ಸಹಿತ ಮೊಹರು ಹಾಕಿದರೆ ಈ ಗೊಂದಲ ಇರುವುದಿಲ್ಲ. ಇನ್ನು ಪಾದಚಾರಿ ಮಾರ್ಗದಲ್ಲಿ ‘ಹಳೆಯದು’ ಎಂಬ ಹೆಸರಿನಲ್ಲಿ ಮಾರುವ ನಕಲಿ ಮುದ್ರಣಗಳು: ತೆಳು ಕಾಗದ, ಮಸುಕಾದ ಅಕ್ಷರ, ಅಂಟಿನಿಂದ ಮಾತ್ರ ಹಿಡಿದಿಟ್ಟ ಬೆನ್ನು. ತಾನು ಕೊಂಡ ಅಸಲು ಪುಸ್ತಕವನ್ನು ಮಾರಲು ಯಾರಿಗೂ ಅಡ್ಡಿಯಿಲ್ಲ, ಆದರೆ ನಕಲು ಮಾಡಿ ಮಾರುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅಪರಾಧ. ಬರೆದವರಿಗೆ ಒಂದು ಪೈಸೆಯೂ ಸೇರದ ಆ ಪುಸ್ತಕಗಳನ್ನು ಕೊಳ್ಳಬೇಡಿ ಎಂದು ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ.

ದಪ್ಪ ಪುಸ್ತಕಗಳಿಗಿಂತ ನನಗೆ ಹೆಚ್ಚು ನೋವಾಗುವುದು ಸಣ್ಣ ಪುಸ್ತಕಗಳು ತೂಕಕ್ಕೆ ಹೋಗುವುದನ್ನು ಕಂಡಾಗ. ಚಿತ್ರಮಂದಿರಗಳ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಜಾತ್ರೆಯಲ್ಲಿ ಸಿಗುತ್ತಿದ್ದ ತತ್ವಪದಗಳ ಸಂಗ್ರಹಗಳು, ಶಾಲೆಗಳ ಸ್ಮರಣ ಸಂಚಿಕೆಗಳು, ನಾಟಕದ ಕರಪತ್ರಗಳು ಇವಕ್ಕೆ ಬೆನ್ನೂ ಇಲ್ಲ, ರಟ್ಟೂ ಇಲ್ಲ, ಆದ್ದರಿಂದ ಯಾವ ಕಪಾಟಿನಲ್ಲೂ ನಿಲ್ಲುವುದಿಲ್ಲ. ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು; ಮೂಡಲಪಾಯ ಯಕ್ಷಗಾನವನ್ನು ಉಳಿಸಿಕೊಂಡ ಹಳ್ಳಿಗಳು ನಮ್ಮ ಸುತ್ತ ಇವೆ. ಅವುಗಳ ಕರಪತ್ರಗಳೂ ಪ್ರಸಂಗದ ಪ್ರತಿಗಳೂ ಸಿಗಬೇಕಾದರೆ ದೊಡ್ಡ ನಗರದ ಹೆಸರಾಂತ ಅಂಗಡಿಗಿಂತ ಇಲ್ಲಿನ ಗುಜರಿಯ ಚೀಲವೇ ಸರಿಯಾದ ಜಾಗ. ಗುಜರಿ ಅಂಗಡಿಯವರು ಅಂಥದ್ದನ್ನು ಬೇರೆ ತೆಗೆದಿಟ್ಟರೆ ತೂಕದ ಬೆಲೆಗಿಂತ ಹಲವು ಪಟ್ಟು ಹೆಚ್ಚು ಕೊಟ್ಟು ಕೊಳ್ಳುವವರು ಈ ಊರಿನಲ್ಲಿದ್ದಾರೆ ಎಂದು ಭರವಸೆಯಿಂದ ಹೇಳಬಲ್ಲೆ.

ಇನ್ನು ಕ್ಯಾಸೆಟ್ಟುಗಳು. ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ನಮ್ಮಲ್ಲಿ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂತು, ಅದರ ಹಿಂದೆಯೇ ಕ್ಯಾಸೆಟ್ಟು ಹಾಕಿ ನೋಡುವ ಯಂತ್ರಗಳಾದ ವಿಸಿಆರ್, ವಿಸಿಪಿಗಳು ಬಂದವು. ಟಿವಿ ಮತ್ತು ಡೆಕ್ಕನ್ನು ಬಾಡಿಗೆಗೆ ತಂದು ಬೀದಿಯವರೆಲ್ಲ ಸೇರಿ ಬೆಳಗಿನವರೆಗೆ ಸಿನಿಮಾ ನೋಡಿದ್ದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಆಮೇಲೆ ಕೇಬಲ್ ಬಂತು, ವಿಸಿಡಿ ಬಂತು, ಬಾಡಿಗೆ ಅಂಗಡಿಗಳು ಮುಚ್ಚಿದವು, ಕ್ಯಾಸೆಟ್ಟುಗಳು ಅಟ್ಟ ಸೇರಿದವು. ಈಗ ಅವು ಇಳಿಯುತ್ತಿರುವಾಗ ಕೊಳ್ಳುವವರಿಗೆ ಕಾಣುವುದು ಒಂದು ಕಪ್ಪು ಡಬ್ಬಿ ಮತ್ತು ಒಂದು ಚೀಟಿ ಮಾತ್ರ.

ಕಣ್ಣಿನಿಂದ ತಿಳಿಯಬಹುದಾದದ್ದು ಸ್ವಲ್ಪ ಇದೆ. ಕ್ಯಾಸೆಟ್ಟಿನ ಕಿಟಕಿಯ ಮೂಲಕ ಬೆಳಕಿಗೆ ಹಿಡಿದು ನೋಡಿದಾಗ ಸುತ್ತಿದ ಟೇಪಿನ ಅಂಚು ನಯವಾಗಿ, ಸಮವಾಗಿ, ಕಪ್ಪಾಗಿರಬೇಕು. ಬಿಳಿ ಚುಕ್ಕೆಗಳೋ ಧೂಳಿನಂಥ ಪದರವೋ ಕಂಡರೆ ಅದು ಬೂಸಲು. ಬೂಸಲು ಹಿಡಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬಾರದು. ಅದು ಯಂತ್ರದಲ್ಲಿ ಟೇಪನ್ನು ಓದುವ ಭಾಗವಾದ ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟುಗಳಿಗೂ ಅಂಟುತ್ತದೆ. ಮುಂದಿನ ಮುಚ್ಚಳ ಎತ್ತಿದಾಗ ಟೇಪು ಸುಕ್ಕುಗಟ್ಟಿದ್ದರೆ ಹಿಂದೆ ಯಾವುದೋ ಯಂತ್ರ ಅದನ್ನು ಎಳೆದುಕೊಂಡಿದೆ ಎಂದರ್ಥ. ಬೆನ್ನಿನ ಕಡೆ ಇರುವ ಪ್ಲಾಸ್ಟಿಕ್ಕಿನ ಸಣ್ಣ ತುಣುಕನ್ನು ಬಹಳ ಜನ ಗಮನಿಸುವುದಿಲ್ಲ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ಆದ್ದರಿಂದ ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟಿನಲ್ಲಿ ಆ ತುಣುಕು ಮುರಿದಿದ್ದರೆ ಒಳಗಿರುವುದನ್ನು ಉಳಿಸಬೇಕೆಂದು ಯಾರೋ ಬಯಸಿದ್ದರು ಎಂದು ಊಹಿಸಬಹುದು. ಮುರಿದ ಜಾಗಕ್ಕೆ ಸೆಲೋಟೇಪ್ ಅಂಟಿಸಿದ್ದರೆ ಬೇರೊಬ್ಬರು ಅದರ ಮೇಲೆ ಬೇರೇನನ್ನೋ ತುಂಬಿಸಿದ್ದಾರೆ. ಚಲನಚಿತ್ರದ ಕ್ಯಾಸೆಟ್ಟಾದರೆ, 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ ಕಲಮಿನ ಪ್ರಕಾರ ಅದರಲ್ಲಿ ತಯಾರಿಸಿದವರ ಹೆಸರು, ವಿಳಾಸ ಮತ್ತು ಸೆನ್ಸಾರ್ ಪ್ರಮಾಣಪತ್ರದ ಪ್ರತಿ ಕಾಣಬೇಕು. ಕೈಬರಹದ ಚೀಟಿ ಮಾತ್ರ ಇದ್ದರೆ ಅದು ನಕಲಿನ ನಕಲು, ಪ್ರತಿ ಸಲ ನಕಲಾದಾಗಲೂ ಚಿತ್ರ ಮಸುಕಾಗುತ್ತ ಬಂದಿರುತ್ತದೆ.

ಇದಿಷ್ಟನ್ನೂ ನೋಡಿದ ಮೇಲೂ ಒಳಗಿನ ಚಿತ್ರ ಉಳಿದಿದೆಯೇ ಎಂಬ ಮುಖ್ಯ ಪ್ರಶ್ನೆ ಹಾಗೆಯೇ ಇರುತ್ತದೆ. ಅರ್ಧ ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಾಂತೀಯ ಪುಡಿಯನ್ನು ಒಂದು ಬಗೆಯ ಅಂಟಿನಿಂದ ಹಿಡಿಸಿರುತ್ತಾರೆ. ಚಿತ್ರ ಇರುವುದು ಆ ಪುಡಿಯಲ್ಲಿ. ಗಾಳಿಯ ತೇವ ವರ್ಷಗಟ್ಟಲೆ ತಾಗಿದರೆ ಅಂಟು ಸಡಿಲಗೊಂಡು ಜಿಗುಟಾಗುತ್ತದೆ, ಪುಡಿ ಉದುರುತ್ತದೆ. ತುಮಕೂರಿನ ಹವೆ ಕರಾವಳಿಗಿಂತ ಒಣದು, ಅದು ನಮ್ಮ ಭಾಗ್ಯ. ಆದರೆ ಶೀಟಿನ ಮಾಡಿನ ಕೆಳಗೆ ಬೇಸಿಗೆಯಲ್ಲಿ ಕಾದು, ಮಳೆಗಾಲದಲ್ಲಿ ಗೋಡೆಯ ತೇವ ಕುಡಿದ ಕ್ಯಾಸೆಟ್ಟಿಗೆ ಆ ಭಾಗ್ಯ ಇರುವುದಿಲ್ಲ. ಹೊರಗಿನಿಂದ ಹೊಸದರಂತೆ ಹೊಳೆಯುವ ಕ್ಯಾಸೆಟ್ಟಿನಲ್ಲಿ ಬರೀ ಮಂಜು ಕಾಣಿಸಿದ್ದುಂಟು, ಡಬ್ಬಿ ಬಿರುಕು ಬಿಟ್ಟದ್ದರಲ್ಲಿ ಸ್ವಚ್ಛ ಚಿತ್ರ ಬಂದದ್ದೂ ಉಂಟು. ಅಮೆರಿಕದಿಂದ ಬಂಧುಗಳು ಕಳಿಸಿದ ಕ್ಯಾಸೆಟ್ಟು ಸಂಪೂರ್ಣ ಚೆನ್ನಾಗಿದ್ದೂ ನಮ್ಮ ಯಂತ್ರದಲ್ಲಿ ಬಾರದೆ ಇರಬಹುದು, ಏಕೆಂದರೆ ಅಲ್ಲಿನ ಟಿವಿ ಚಿತ್ರ 525 ಗೆರೆಗಳ ಎನ್‌ಟಿಎಸ್‌ಸಿ ಪದ್ಧತಿಯದು, ಇಲ್ಲಿನದು 625 ಗೆರೆಗಳ ಪಾಲ್ ಪದ್ಧತಿಯದು. ಎರಡನ್ನೂ ತೋರಿಸುವ ಯಂತ್ರ ಬೇಕು. ಕ್ಯಾಸೆಟ್ಟು ಕೆಟ್ಟಿದೆ ಎಂದು ಎಸೆಯುವ ಮುನ್ನ ಇದನ್ನು ವಿಚಾರಿಸಬೇಕು.

ಚೀಟಿಗೂ ಒಳಗಿರುವುದಕ್ಕೂ ಸಂಬಂಧವಿಲ್ಲದಿರುವುದು ಕ್ಯಾಸೆಟ್ಟು ಕೊಳ್ಳುವವರ ಸಾಮಾನ್ಯ ಅನುಭವ. ಅದನ್ನು ಯಾವಾಗಲೂ ನಷ್ಟವೆನ್ನಲಾಗದು. ಸಿನಿಮಾ ಎಂದು ತಂದದ್ದರಲ್ಲಿ ದೂರದರ್ಶನದ ಹಳೆಯ ವಾರ್ತೆಯ ಒಂದು ತುಣುಕು, ಆ ಕಾಲದ ಜಾಹೀರಾತು, ಶಾಲೆಯ ವಾರ್ಷಿಕೋತ್ಸವ, ಊರಹಬ್ಬದ ಮೆರವಣಿಗೆ, ರಾತ್ರಿಯ ಬಯಲಾಟ ಸಿಗಬಹುದು. ಅಂಗಡಿಯಲ್ಲಿ ಮಾರಿದ ಸಿನಿಮಾ ಬೇರೆ ಕಡೆಯೂ ಉಳಿದಿರುತ್ತದೆ, ಆದರೆ ಒಬ್ಬ ಫೋಟೋಗ್ರಾಫರ್ ಒಂದು ರಾತ್ರಿ ಹಳ್ಳಿಯೊಂದರಲ್ಲಿ ಹಿಡಿದ ಆಟಕ್ಕೆ ಆ ಒಂದೇ ಕ್ಯಾಸೆಟ್ಟು ಇರುವುದು. ಅದರಲ್ಲಿ ಭಾಗವತಿಕೆ ಮಾಡಿದವರು ಈಗ ಇಲ್ಲದಿರಬಹುದು, ಅವರ ಮಟ್ಟುಗಳನ್ನು ಬಲ್ಲವರೂ ಇಲ್ಲದಿರಬಹುದು. ಅದು ಗುಜರಿಯ ಪ್ಲಾಸ್ಟಿಕ್ ರಾಶಿಗೆ ಹೋಗುವುದನ್ನು ನಾನು ಸಣ್ಣ ನಷ್ಟವೆಂದು ಎಣಿಸಲಾರೆ.

ಮದುವೆಯ ಕ್ಯಾಸೆಟ್ಟುಗಳ ವಿಷಯದಲ್ಲಿ ಬೇರೊಂದು ಜವಾಬ್ದಾರಿ ಇದೆ. ಅವುಗಳಲ್ಲಿರುವವರು ಯಾರದೋ ಮನೆಯವರು. ಅದನ್ನು ಕೊಂಡವರಿಗೆ ಅದನ್ನು ನಾಲ್ಕು ಜನಕ್ಕೆ ತೋರಿಸುವ ಹಕ್ಕು ಬಂದುಬಿಡುವುದಿಲ್ಲ. ಚೀಟಿಯಲ್ಲಿ ಹೆಸರು ಮತ್ತು ಕಲ್ಯಾಣ ಮಂಟಪ ಇದ್ದರೆ ಆ ಕುಟುಂಬವನ್ನು ವಿಚಾರಿಸಿ ಮರಳಿಸುವುದೇ ಸರಿ. ಮಾರುವವರು ಕೂಡ ಅಟ್ಟ ಖಾಲಿ ಮಾಡುವಾಗ ಮನೆಯ ಹಿರಿಯರನ್ನು ಒಂದು ಮಾತು ಕೇಳಬೇಕು. ತಾಯಿಯ ದನಿ, ತಾತ ನಡೆದಾಡುತ್ತಿದ್ದ ರೀತಿ ಇಂಥವು ಆ ಕ್ಯಾಸೆಟ್ಟಿನಲ್ಲಲ್ಲದೆ ಮತ್ತೆಲ್ಲೂ ಉಳಿದಿರುವುದಿಲ್ಲ, ಮತ್ತು ಮಕ್ಕಳಿಗೆ ಅದು ಬೇಕೆನಿಸುವ ಹೊತ್ತಿಗೆ ತಡವಾಗಿರುತ್ತದೆ.

ತಡ ಎನ್ನುವುದಕ್ಕೆ ಯಂತ್ರದ ಕಾರಣವೂ ಇದೆ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಅಂದಿನಿಂದ ಇರುವುದೆಲ್ಲ ಹಳೆಯ ಯಂತ್ರಗಳೇ. ಅವುಗಳ ರಬ್ಬರ್ ಬೆಲ್ಟು ಸಡಿಲವಾಗಿರುತ್ತದೆ, ಟೇಪನ್ನು ಒತ್ತಿ ಹಿಡಿಯುವ ರೋಲರ್ ಗಡುಸಾಗಿರುತ್ತದೆ. ಸೆಕೆಂಡಿಗೆ 25 ಸುತ್ತು ತಿರುಗುವ ಹೆಡ್ಡಿನ ಡ್ರಮ್ಮಿಗೆ ಕೊಳೆ ಮೆತ್ತಿರುತ್ತದೆ. ಇವನ್ನು ರಿಪೇರಿ ಮಾಡಬಲ್ಲ ಟಿವಿ ಮೆಕ್ಯಾನಿಕ್‌ಗಳು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ, ಆದರೆ ಅವರಿಗೂ ವಯಸ್ಸಾಗುತ್ತಿದೆ. ಹಳೆಯ ವಿಸಿಆರ್ ಕೊಂಡವರು ಮೊದಲು ಬೇಡವಾದ ಕ್ಯಾಸೆಟ್ಟೊಂದನ್ನು ಹಾಕಿ ಪರೀಕ್ಷಿಸಿ, ಆಮೇಲೆ ಮನೆಯ ಕ್ಯಾಸೆಟ್ಟನ್ನು ಹಾಕಬೇಕು. ಎಲ್ಲೋ ಒಂದು ಕಡೆ ಟೇಪು ಕತ್ತರಿಸಿದ್ದರೆ ಮನೆಯ ಸೆಲೋಟೇಪಿನಿಂದ ಅಂಟಿಸಬಾರದು. ಆ ಅಂಟು ಹೆಡ್ಡನ್ನೇ ಕೆಡಿಸುತ್ತದೆ. ಡಬ್ಬಿ ಮಾತ್ರ ಒಡೆದಿದ್ದರೆ ಐದು ಸ್ಕ್ರೂ ಬಿಚ್ಚಿ ಟೇಪಿನ ಸುರುಳಿಗಳನ್ನು ಬೇರೊಂದು ಡಬ್ಬಿಗೆ ವರ್ಗಾಯಿಸಬಹುದು. ಅದಕ್ಕಾಗಿಯೇ ನಿರುಪಯುಕ್ತವಾದ ಒಂದು ಕ್ಯಾಸೆಟ್ಟಿನ ಡಬ್ಬಿಯನ್ನು ಇಟ್ಟುಕೊಂಡಿರುವುದು ಒಳ್ಳೆಯದು.

ಈ ಕಾರಣಗಳಿಂದ ಎರಡು ಕೋರಿಕೆಗಳನ್ನು ಮುಂದಿಡುತ್ತೇನೆ. ಮೊದಲನೆಯದು ಮಾರುವವರಿಗೆ. ಪುಸ್ತಕವನ್ನು ಬಿಚ್ಚಿ ನೋಡಲು ಅವಕಾಶ ಕೊಟ್ಟ ಮೇಲೆ ವಾಪಸ್ ಇಲ್ಲ ಎನ್ನುವುದು ಒಪ್ಪತಕ್ಕದ್ದು. ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಟ್ಟು ತೆರೆಯಲು ಬಿಡದೆ ಹಾಗೆನ್ನುವುದು ಒಪ್ಪತಕ್ಕದ್ದಲ್ಲ. ಕ್ಯಾಸೆಟ್ಟನ್ನು ಅಂಗಡಿಯಲ್ಲಿ ಹಾಕಿ ತೋರಿಸಲಾಗದಿದ್ದರೆ ಒಂದು ವಾರದೊಳಗೆ ಹಿಂದಿರುಗಿಸಿದರೆ ಬೆಲೆ ಮರಳಿ ಕೊಡುವ, ಅಥವಾ ಬೇರೊಂದನ್ನು ಕೊಡುವ ಪದ್ಧತಿ ಇರಲಿ. ‘ಪರೀಕ್ಷಿಸಿಲ್ಲ’ ಎಂದು ಚೀಟಿ ಅಂಟಿಸಿ ಅದಕ್ಕೆ ತಕ್ಕ ಕಡಿಮೆ ಬೆಲೆ ಇಟ್ಟರೂ ಅದು ಪ್ರಾಮಾಣಿಕ ವ್ಯಾಪಾರವೇ.

ಎರಡನೆಯದು ನಮ್ಮ ಸಾರ್ವಜನಿಕ ಗ್ರಂಥಾಲಯಕ್ಕೆ ಮತ್ತು ಅದನ್ನು ನೋಡಿಕೊಳ್ಳುವವರಿಗೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವನ್ನು ಕಟ್ಟುತ್ತೇವೆ. ಆ ಹಣದ ಒಂದು ಸಣ್ಣ ಭಾಗದಿಂದ ತುಮಕೂರಿನ ಗ್ರಂಥಾಲಯದಲ್ಲಿ ಒಂದು ಮೇಜಿನಷ್ಟು ಜಾಗದಲ್ಲಿ ಸುಸ್ಥಿತಿಯ ವಿಸಿಆರ್, ಒಂದು ಟಿವಿ, ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಣ್ಣ ಸಾಧನ ಇವನ್ನು ಇಡಬಹುದು. ಗಂಟೆಗಿಷ್ಟು ಎಂದು ಶುಲ್ಕ ವಿಧಿಸಲಿ. ಇಳಿಸುವ ಕೆಲಸ ಕ್ಯಾಸೆಟ್ಟು ಓಡುವಷ್ಟೇ ಹೊತ್ತು ಹಿಡಿಯುತ್ತದೆ, 180 ನಿಮಿಷದ ಕ್ಯಾಸೆಟ್ಟಿಗೆ ಮೂರು ಗಂಟೆ ಬೇಕೇ ಬೇಕು, ಆದ್ದರಿಂದ ಮುಂಚಿತವಾಗಿ ಹೆಸರು ಬರೆಸಿ ಸರದಿ ಪಡೆಯುವ ವ್ಯವಸ್ಥೆ ಬೇಕಾದೀತು. ಹಾಕುವ ಮುನ್ನ ಬೂಸಲಿನ ಪರೀಕ್ಷೆ ಕಡ್ಡಾಯವಾಗಿರಲಿ. ಚಲನಚಿತ್ರಗಳ ನಕಲು ಬೇಡ. ಮನೆಯವರೇ ತೆಗೆಸಿದ ಅಥವಾ ಶಾಲೆ, ಸಂಘಗಳು ತಮ್ಮ ಕಾರ್ಯಕ್ರಮಕ್ಕೆ ತೆಗೆಸಿದ ಕ್ಯಾಸೆಟ್ಟುಗಳನ್ನು ಮಾತ್ರ ಇಳಿಸಿಕೊಡಲಿ. ಬಯಲಾಟ, ನಾಟಕ, ಊರಹಬ್ಬಗಳ ಚಿತ್ರವಾದರೆ ಅದರ ಒಡೆಯರ ಮತ್ತು ಕಲಾವಿದರ ಒಪ್ಪಿಗೆ ಪಡೆದು ಒಂದು ಪ್ರತಿಯನ್ನು ಗ್ರಂಥಾಲಯವೂ ಉಳಿಸಿಕೊಳ್ಳಲಿ. ಇದೇ ಜಾಗದಲ್ಲಿ ತಿಂಗಳಿಗೊಂದು ಭಾನುವಾರ ಹಳೆಯ ಪುಸ್ತಕಗಳನ್ನು ತಂದು ಮಾರಲು, ಬದಲಾಯಿಸಿಕೊಳ್ಳಲು ಅವಕಾಶ ಮಾಡಿಕೊಟ್ಟರೆ ಗುಜರಿಗೆ ಹೋಗುವ ಚೀಲಗಳಲ್ಲಿ ಕೆಲವಾದರೂ ಅಲ್ಲಿಗೆ ಬರುತ್ತವೆ. ತುಮಕೂರಿನಲ್ಲಿ ಇದು ನಡೆದರೆ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿಯೂ ನಡೆಸುವುದು ಕಷ್ಟವಲ್ಲ.

ನನ್ನ ಬಳಿ ಬೆಲ್ಟು, ರೋಲರ್ ಬದಲಾಯಿಸಿ ಸರಿಪಡಿಸಿದ ಒಂದು ವಿಸಿಆರ್ ಇದೆ. ಗ್ರಂಥಾಲಯದವರು ಒಂದು ಮೇಜು ಮತ್ತು ವಿದ್ಯುತ್ ಸಂಪರ್ಕ ಕೊಡುವುದಾದರೆ ಅದನ್ನು ಉಚಿತವಾಗಿ ಒಪ್ಪಿಸಲು, ವಾರಕ್ಕೊಂದು ಮಧ್ಯಾಹ್ನ ಅಲ್ಲಿ ಕುಳಿತು ಕ್ಯಾಸೆಟ್ಟುಗಳನ್ನು ಪರೀಕ್ಷಿಸಿಕೊಡಲು ನಾನು ಸಿದ್ಧನಿದ್ದೇನೆ. ಇದೇ ಬಗೆಯ ಯಂತ್ರ ಇರುವವರು, ರಿಪೇರಿ ಬಲ್ಲವರು ಊರಿನಲ್ಲಿ ಇನ್ನೂ ಇರಬಹುದು. ಅವರೂ ತಮ್ಮ ಪತ್ರಿಕೆಗೆ ಬರೆದು ಜೊತೆಗೂಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ತುಮಕೂರು